ಮೂಗುಮುರುಕನ ಮೆಚ್ಚುಗೆ

ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುವ ಆ ಮಹಾಶಯನಿಗೆ ತಂಡದವರು ಇಟ್ಟ ಹೆಸರು ಮೂಗುಮುರುಕ. ಒಳ್ಳೇದು ಕಂಡರೂ ಮೂಗು ಮುರಿಯೋನು, ಕೆಟ್ಟದ್ದು ಕಂಡರಂತೂ ಕೇಳೋದೇ ಬೇಡ. ತಂಡ ನಡೆಸುವ ನಿರ್ದೇಶಕಿಯ ಹಿಂದಿನ ನಾಟಕಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು. ಈತ ಬರೆದದ್ದು ಒಂದೇ ಮಾತು: "ರಸ ಅರಿಯದ ಜನ ನಕ್ಕರು." ಥಿಯೇಟರ್ ಮಾಲೀಕನಿಗೋ ಸ್ವಂತ ಬುದ್ಧಿ ಬಾಡಿಗೆಗೂ ಸಿಕ್ಕಿರಲಿಲ್ಲ. ಪತ್ರಿಕೆ ಓದಿದವನೇ ನಾಟಕ ನಿಲ್ಲಿಸಿಬಿಟ್ಟ.

"ಅದು ಅವನೊಬ್ಬನ ರುಚಿ ಅತ್ತೆ! ಜ್ವರ ಬಂದವನ ನಾಲಿಗೆಗೆ ಸಕ್ಕರೆಯೂ ಕಹಿ," ಎಂದು ನಿರ್ದೇಶಕಿ ಅವತ್ತು ಹಾರಾಡಿದ್ದಳು. ಅತ್ತೆ ಎಂದರೆ ಅವಳ ಸೋದರತ್ತೆ. ಪರದೆಯ ಪಕ್ಕ ಸ್ಕ್ರಿಪ್ಟ್ ಹಿಡಿದು ಕೂತು, ಮಾತು ಮರೆತವರಿಗೆ ಪಿಸುಗುಟ್ಟಿ ಹೇಳಿಕೊಡುವವಳು.

"ಈ ಸಲವೂ ಪತ್ರಿಕೆಯವರು ಬೈದರೆ ಥಿಯೇಟರ್ ಬೇರೆ ತಂಡಕ್ಕೆ ಕೊಟ್ಟುಬಿಡ್ತೀನಮ್ಮಾ," ಎಂದು ಮಾಲೀಕ ಮೊದಲೇ ಹೇಳಿಟ್ಟಿದ್ದ.

ಹೊಸ ನಾಟಕದ ಮೊದಲ ಪ್ರದರ್ಶನ. ಮನೆ ಬಿಟ್ಟು ಹೊರಟ ಮಗಳು "ಹೋಗಲಾ ಅಪ್ಪಾ?" ಅನ್ನುತ್ತಾಳೆ, ಅಪ್ಪ ಒಂದು ಪುಟದುದ್ದ ಮಾತಾಡಬೇಕು. ನಿರ್ದೇಶಕಿ ನಿದ್ದೆಗೆಟ್ಟು ತಿದ್ದಿ ತೀಡಿದ ಮಾತು ಅದು. ಅಪ್ಪನ ಪಾತ್ರ ಅವಳ ಚಿಕ್ಕಪ್ಪನದು. ಮನುಷ್ಯ ಪೂರಾ ಮರೆತ! ಅತ್ತೆಯ ಕನ್ನಡಕವೋ ಅದೇ ಹೊತ್ತಿಗೆ ಜಾರಿ ಬಟ್ಟೆಪೆಟ್ಟಿಗೆಯ ಹಿಂದೆ ಬಿದ್ದಿತ್ತು. ಚಿಕ್ಕಪ್ಪ ಅರೆಬಾಯಿ ತೆರೆದು ಸೂರು ನೋಡುತ್ತಾ ನಿಂತ. ಕಾದು ಕಾದು ಸಾಕಾಗಿ ಮಗಳು ತಾನೇ ಹೊರಟುಹೋದಳು. ನಮ್ಮ ಗಂಟುಮೂಟೆ ಕಟ್ಟಿದ ಹಾಗೇ ಎಂದು ನಿರ್ದೇಶಕಿ ಉಗುರು ಕಚ್ಚಿದಳು.

ಬೆಳಿಗ್ಗೆ ಪತ್ರಿಕೆ ಬಂತು. ಮೂಗುಮುರುಕ ಬರೆದಿದ್ದ: "ಮಾತನ್ನೆಲ್ಲ ನುಂಗಿ ನಿಂತ ಆ ತಂದೆಯ ಮೌನದ ಮುಂದೆ ನೂರು ಭಾಷಣ ದಂಡ. ನಿರ್ದೇಶಕಿ ಪಳಗಿದ್ದಾರೆ."

ಮಾಲೀಕ ಫೋನ್ ಮಾಡಿದ: "ಆ ಮೌನ ಮಾತ್ರ ಒಂದು ದಿನವೂ ತಪ್ಪಬಾರದು ಕಣಮ್ಮಾ."

ನಿರ್ದೇಶಕಿ ವಿಮರ್ಶೆಗೆ ಚೌಕಟ್ಟು ಹಾಕಿಸಿ ಬಾಗಿಲಲ್ಲೇ ನೇತುಹಾಕಿದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಓದಿದಳು.

"ಏನೇ, ಇದೂ ಅವನೊಬ್ಬನ ರುಚಿ ತಾನೆ?"

"ಇದು ಬೇರೆ ಅತ್ತೆ. ಈ ಸಲ ಸರಿಯಾಗಿ ನೋಡಿದ್ದಾನೆ."

"ಹೌದೌದು, ಜ್ವರ ಬಿಟ್ಟಿರಬೇಕು."

ಸಂಜೆ ಚಿಕ್ಕಪ್ಪ ಹುರುಪಿನಿಂದ ಬಂದ. "ಮಗಳೇ, ಇವತ್ತು ಆ ಮಾತು ನೀರು ಕುಡಿದಷ್ಟು ಸಲೀಸಾಗಿ ಬಾಯಿಗೆ ಬರ್ತಿದೆ. ಹೇಳಿಬಿಡ್ಲಾ?"

"ಬೇಡ! ಸುಮ್ನೆ ನಿಂತ್ಕೋ ಚಿಕ್ಕಪ್ಪ."

"ಎಷ್ಟು ಹೊತ್ತು?"

"ನಿನ್ನೆಯಷ್ಟೇ."

"ನಿನ್ನೆ ಪ್ರಾಣ ಹೋಗಿ ಬಂದಿತ್ತು. ಅಷ್ಟು ಹೊತ್ತು ಬೇಕು ಅಂದ್ರೆ ಹೆಂಗಮ್ಮಾ?"

ಆದರೂ ನಿಂತ. ಮಾತು ಗೊತ್ತಿದ್ದವನ ತುಟಿ ಸುಮ್ಮನಿರುತ್ತದೆಯೇ? ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವನ ಹಾಗೆ ಒದ್ದಾಡಿದ. ಜನ ಕೆಮ್ಮಿದರು. ಕುರ್ಚಿಗಳು ಕಿರುಗುಟ್ಟಿದವು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಯಜಮಾನ್ರೇ, ಮಾತು ಮರೆತುಹೋಯ್ತಾ? ಪಾಪ, ಯಾರಾದ್ರೂ ಹೇಳಿಕೊಡ್ರಪ್ಪಾ!"

ಥಿಯೇಟರೆಲ್ಲ ಗೊಳ್ಳೆಂದಿತು. ಕನ್ನಡಕ ಮೂಗಿನ ಮೇಲೇ ಇದ್ದ ಅತ್ತೆ ಸ್ಕ್ರಿಪ್ಟಿನ ಸಾಲಿನ ಮೇಲೆ ಬೆರಳಿಟ್ಟು ಬಾಯಿ ತೆರೆದಳು. ನಿರ್ದೇಶಕಿ ಓಡಿಬಂದು ಅಂಗೈಯಿಂದ ಆ ಬಾಯಿ ಮುಚ್ಚಿದಳು. ಪರದೆಯ ಸಂದಿಯಿಂದ, ನಗುತ್ತಿದ್ದ ಜನರ ಕಡೆ ನೋಡಿ ಮೂಗು ಮುರಿದಳು.

"ರಸ ಅರಿಯದ ಜನ."

ಅಂಗೈಯಡಿ ಅತ್ತೆ ನಗುತ್ತಿದ್ದದ್ದು ಅವಳಿಗೆ ಕಚಗುಳಿಯಿಟ್ಟ ಹಾಗೆ ಗೊತ್ತಾಗುತ್ತಿತ್ತು.