ಒಂದು ಸೆಕೆಂಡಿನ ಮೇಷ್ಟ್ರು

'ಜಿರ್ರ್... ಟಕ್.' ಕ್ಯಾಮೆರಾದ ಶಟರ್ ತೆರೆದು ಮುಚ್ಚಿಕೊಳ್ಳುವ ಆ ಒಂದು ಸೆಕೆಂಡಿನ ಸದ್ದನ್ನು ಕ್ಯಾಮೆರಾ ಕಾರ್ಖಾನೆಯ ಹಿರಿಯ ಪರೀಕ್ಷಕರಾದ ಮೇಷ್ಟ್ರು ದಿನಕ್ಕೆ ಇನ್ನೂರು ಸಲ ಕೇಳುತ್ತಿದ್ದರು; ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರಂತೆ. ಸರಿಯೆನಿಸಿದರೆ ಶಟರಿನ ವೇಗ ಹೊಂದಿಸುವ ಒಳಗಿನ ತಿರುಪಿನ ತಲೆಗೆ ಕೆಂಪು ಬಣ್ಣದ ಬೊಟ್ಟಿಡುವರು. ಆಮೇಲೆ ಅದನ್ನು ಯಾರೂ ತಿರುಗಿಸುವಂತಿಲ್ಲ. ಸೆಕೆಂಡು ಅಳೆಯುವ ಯಂತ್ರ ಪಕ್ಕದಲ್ಲೇ ಇತ್ತು. ಅದರ ಮೇಲೆ ಅವರು ತಮ್ಮ ಮೊಣಕೈ ಸವೆದ ಕೋಟು ಹಾಕುತ್ತಿದ್ದರು.

ಕಂಪನಿಯ ಚರಿತ್ರೆ ಅವರ ಬಾಯಲ್ಲಿ ಮನೆತನದ ಕಥೆಯಾಗುತ್ತಿತ್ತು. ಮೊದಲ ಯಜಮಾನ ಕನ್ನಡಕದ ಗಾಜು ಉಜ್ಜಿದ. ಮಗ ಯುದ್ಧಕ್ಕೆ ದುರ್ಬೀನು ಮಾಡಿದ. ಯುದ್ಧ ಮುಗಿದ ಮೇಲೆ, ಕೊಲ್ಲುವವರಿಗೆ ದೂರ ತೋರಿಸಿದ ಅದೇ ಗಾಜು ಮದುಮಕ್ಕಳ ಮುಖ ನೋಡತೊಡಗಿತು. ಮುಂದೆ ಬಂದ ಲೋಹದ ಪುಟ್ಟ ಕ್ಯಾಮೆರಾ ಪತ್ರಿಕೆಯವರ ಕೊರಳಲ್ಲೆಲ್ಲ ತೂಗಿತು. ಮೇಷ್ಟ್ರು ಸೇರಿದ್ದು ಆಗ. ಬಳಿಕ ಬ್ಯಾಟರಿ ಬಂತು, ಫಿಲ್ಮ್ ಹೋಯಿತು, ಕೊನೆಗೆ ಕಂಪನಿ ತನ್ನ ಹೆಸರನ್ನೇ ಮೊಬೈಲ್ ಫೋನ್ ತಯಾರಿಸುವವರಿಗೆ ಒಪ್ಪಿಸಿತು. "ಹೆಸರು ಅಳಿಯನ ಮನೇಲಿ, ಹೆಣ ನಮ್ಮನೇಲಿ," ಎನ್ನುತ್ತಿದ್ದರು.

ಪಕ್ಕದ ಮೇಜಿನಲ್ಲಿ ಕೂತು ಅವರಿಂದಲೇ ಕೆಲಸ ಕಲಿತವಳು ಈಗ ವಿಭಾಗದ ಮೇಲ್ವಿಚಾರಕಿ. ಕರೆದರೆ ಗಂಡ ಓಗೊಡುವುದಿಲ್ಲವೆಂದು ಮೇಷ್ಟ್ರ ಹೆಂಡತಿ ಅವಳಲ್ಲಿ ದೂರಿದಾಗ, ಮದುವೆಯಾದಾಗಿನಿಂದಲೂ ತಾನು ಹಾಗೇ ಎಂದು ಮೇಷ್ಟ್ರು ಇಬ್ಬರನ್ನೂ ನಗಿಸಿದ್ದರು. ಆಮೇಲೆ ಅವಳಿಗೆ ನಗು ಬರಲಿಲ್ಲ. ಅಳೆದು ನೋಡಿದರೆ, ಕೆಂಪು ಬೊಟ್ಟಿಟ್ಟ ಕ್ಯಾಮೆರಾಗಳಲ್ಲಿ ಒಂದು ಸೆಕೆಂಡು ಒಂದೂಕಾಲಾಗುತ್ತಿತ್ತು. ಸಂಜೆ ಅವರು ಹೊರಟ ಮೇಲೆ ಒಂದೊಂದನ್ನೂ ಯಂತ್ರಕ್ಕೆ ಹಚ್ಚಿ, ಬೊಟ್ಟು ಕೆರೆದು, ತಿರುಪು ಸರಿಮಾಡಿ, ಅದೇ ಬಣ್ಣದಲ್ಲಿ ಅಷ್ಟೇ ಗಾತ್ರದ ಬೊಟ್ಟಿಟ್ಟು ಮನೆಗೆ ಹೋಗುತ್ತಿದ್ದಳು.

ವಿಭಾಗ ಮುಚ್ಚುವ ವಾರ ಕೊನೆಯ ಲೋಹದ ಕ್ಯಾಮೆರಾ ಸಿದ್ಧವಾಯಿತು. ಅದು ಮಾರಾಟಕ್ಕಲ್ಲ, ಕಚೇರಿಯ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮೇಷ್ಟ್ರ ಕಿವಿಯೇ ಪರೀಕ್ಷಿಸಿದ್ದೆಂಬ ಚೀಟಿಯೊಡನೆ ಇರಬೇಕಾದದ್ದು. ಹಿಂದಿನ ದಿನ ತಾವೇ ಒಪ್ಪಿದ್ದ ಅದನ್ನು ಮೇಷ್ಟ್ರು ಬೆಳಿಗ್ಗೆ ಮತ್ತೊಮ್ಮೆ ಬಿಚ್ಚಿದರು. ಭೂತಗಾಜಿನಡಿ ತಿರುಪಿನ ಮೇಲೊಂದು ಗೀರು ಕಂಡಿತು, ಗೀರಿನ ಮೇಲೆ ಹೊಸ ಬಣ್ಣ.

"ನೀನೇನಮ್ಮಾ?" ಮೇಲ್ವಿಚಾರಕಿಯತ್ತ ತಿರುಗಿ ಕೇಳಿದರು.

"ಸ್ವಲ್ಪ ನಿಧಾನ ಇತ್ತು, ಮೇಷ್ಟ್ರೆ. ಕೂದಲೆಳೆಯಷ್ಟು."

"ಇದೊಂದೇನಾ?"

ಹೌದೆಂದುಬಿಡಬಹುದಿತ್ತು. ಆದರೆ ಅಳತೆಯಲ್ಲಿ ದಾಕ್ಷಿಣ್ಯ ಕೂಡದೆಂದು ಕಲಿಸಿದವರು ಎದುರಿಗೇ ಕೂತಿದ್ದರು. "ಎರಡು ವರ್ಷದಿಂದ," ಎಂದಳು.

ಮೇಷ್ಟ್ರು ಬೆರಳಿಗಂಟಿದ ಬಣ್ಣವನ್ನು ಬಟ್ಟೆಗೆ ಒರೆಸಿಕೊಂಡರು. "ಹಾಗಾದ್ರೆ ನಾನು ಬೊಟ್ಟಿಡೋಕಷ್ಟೇ ಬರ್ತಿದ್ದೆ ಅನ್ನು. ಚೀಟಿಗೆ ನಿನ್ನ ಹೆಸರು ಹಾಕ್ಸು. ನಂದು ಬೇಡ."

ಅವರಿಗೆ ನೋವಾಗಬಾರದೆಂದೇ ಹಾಗೆ ಮಾಡಿದೆನೆಂದು ಅವಳು ಹೇಳತೊಡಗಿದಳು. ಕೈಗೆಲಸವನ್ನೇ ಮಾನವೆಂದು ಬಾಳಿದ ಜನ ಒಂದು ರೀತಿಯವರು: ಕೆಲಸ ಕಿತ್ತುಕೊಂಡ ಕಂಪನಿಯ ಕೈಯನ್ನೂ ಕುಲುಕಿ ಬಂದಾರು; ತಮ್ಮ ತಪ್ಪನ್ನು ತಮ್ಮಿಂದಲೇ ಮುಚ್ಚಿಟ್ಟ ಪ್ರೀತಿಗೆ ಮಾತ್ರ ಏನು ಉತ್ತರ ಕೊಡಬೇಕೆಂದು ಅವರಿಗೆ ತಿಳಿಯದು. ಅವಳ ವಾಕ್ಯ ಇನ್ನೂ ಅರ್ಧದಲ್ಲಿತ್ತು. ಮೇಷ್ಟ್ರು ಎದ್ದು, ಕುರ್ಚಿಯನ್ನು ಮೇಜಿನಡಿಗೆ ಸರಿಸಿ, ಮೆಟ್ಟಿಲತ್ತ ನಡೆದುಬಿಟ್ಟರು.