ಬುಧವಾರದ ಚೀಟಿ

ಟೈಲರಮ್ಮ ಹೂವಿನ ಕಟ್ಟನ್ನು ಶವಪೆಟ್ಟಿಗೆಯೊಳಗೆ ಇಡಲು ಬಗ್ಗಿದ್ದಳಷ್ಟೇ, ಸತ್ತವಳ ಮಗಳು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಡಿಲಿಗೆ ತುರುಕಿದಳು.

"ನೋಡಿದ್ದಾಯ್ತಲ್ಲ, ಹಿಂದೆ ಹೋಗಿ ಕೂತ್ಕೊಳ್ಳಿ."

"ಅವಳ ತಲೆ ಹತ್ರ ಒಂದು ಹೂವಾದ್ರೂ ಇಡ್ತೀನಿ ಕಣಮ್ಮ."

"ನಿಮ್ಮ ಕೈಯಿಂದ ಬೇಡ."

ಪ್ರಾರ್ಥನಾಲಯದ ಮುಂದಿನ ಮೂರು ಬೆಂಚುಗಳು ಮೈಯೆಲ್ಲ ಕಿವಿಯಾಗಿ ಕೂತಿದ್ದವು. ಟೈಲರಮ್ಮ ಸೊಟ್ಟ ಬೆರಳುಗಳಿಂದ ಶಾಲು ಸರಿಮಾಡಿಕೊಂಡಳು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಬಲಮಂಡಿ ಮಡಚುತ್ತಿರಲಿಲ್ಲ. ಕಾಲೆಳೆದುಕೊಂಡು, ಛತ್ರಿಗಳನ್ನು ನಿಲ್ಲಿಸುವ ಮೂಲೆಯ ಪಕ್ಕದ ಕೊನೆಯ ಬೆಂಚಿಗೆ ಹೋಗಿ ಕೂತಳು. ಇಪ್ಪತ್ತೆರಡು ವರ್ಷದಿಂದ ಅದೇ ಅವಳ ಜಾಗ. ಯಾರೂ ಗೊತ್ತುಮಾಡಿದ್ದಲ್ಲ, ಹಾಗೆಂದು ಬೇರೆ ಜಾಗಕ್ಕೆ ಯಾರೂ ಕರೆದದ್ದೂ ಇಲ್ಲ.

"ಸತ್ತೋರ ಮುಂದೆ ಜಗಳ ಬೇಡ ಮಗಾ," ಎಂದಳು ಚಿಕ್ಕಮ್ಮ.

"ಜಗಳ ಎಲ್ಲಾಡಿದೆ? ಜಾಗ ತೋರಿಸ್ದೆ ಅಷ್ಟೆ."

ಪೆಟ್ಟಿಗೆಯೊಳಗಿದ್ದ ತಾಯಿ ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹಾಸಿಗೆಬಟ್ಟೆ ಮಡಚಿದವಳು. ನಾಲ್ಕು ಮೂಲೆ ಕೂಡಿಸಿ, ಅಂಗೈಯಲ್ಲಿ ಒಮ್ಮೆ ಒತ್ತಿ, ಕಟ್ಟಿಗೊಂದು ತಾರೀಖಿನ ಚೀಟಿ. ಕೆಲಸ ಬಿಟ್ಟ ಮೇಲೂ ಆ ಚಾಳಿ ಬಿಡಲಿಲ್ಲ. ಮನೆಯ ಹಳೆ ಪತ್ರಿಕೆ, ಪ್ಲಾಸ್ಟಿಕ್ ಚೀಲ, ಮೂಗೊರೆಸುವ ಬಟ್ಟೆ ಎಲ್ಲವೂ ಮೂಲೆಗೆ ಮೂಲೆ ಕೂಡಿಯೇ ಇರಬೇಕು. ಔಷಧಿ ಬಾಟಲಿಯ ಮೇಲೆ ತಾರೀಖು ಬರೆಯುವುದು ಸರಿ, ಈ ಮಹಾತಾಯಿ ಬಲ್ಬಿನ ಬುಡದ ಮೇಲೂ ಬರೆಯುತ್ತಿದ್ದಳು. ಯಾರ ಮೇಲೂ ದನಿಯೆತ್ತಿದವಳಲ್ಲ. ಬುಧವಾರದ ಸಂಜೆ ಪ್ರಾರ್ಥನೆ ಒಂದನ್ನೂ ತಪ್ಪಿಸಿದವಳಲ್ಲ. ಹಾಸಿಗೆ ಹಿಡಿದ ಮೇಲಿನ ಹದಿನಾಲ್ಕು ತಿಂಗಳು ಮಾತ್ರ ತಪ್ಪಿತು.

ಆ ಹದಿನಾಲ್ಕು ತಿಂಗಳು ಅವಳನ್ನು ಎತ್ತಿದ್ದು, ಕೂರಿಸಿದ್ದು, ತೊಳೆದದ್ದು ಎಲ್ಲ ಮಗಳೇ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಮಧ್ಯಾಹ್ನಕ್ಕೇ ಅಂಗಡಿಯಿಂದ ಓಡಿಬಂದು, ಬೆರಳ ಸಂದಿಯ ಗಾಜಿನ ಪುಡಿ ತೊಳೆದು, ಅದೇ ಕೈಯಲ್ಲಿ ತಾಯಿಯ ಬಾಯಿಗೆ ಗಂಜಿ ಇಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಉಸಿರು ನಿಂತಿತು. ಈವರೆಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ.

*

ಇಪ್ಪತ್ತೆರಡು ವರ್ಷದ ಹಿಂದೆ ಮಗಳಿಗೆ ಇಪ್ಪತ್ತನಾಲ್ಕು. ಮದುವೆಗೆ ಒಂದು ತಿಂಗಳು ಉಳಿದಿತ್ತು. ಟೈಲರಮ್ಮನದು ಎದುರು ಮನೆ. ಎರಡು ಮನೆಯ ನಡುವೆ ಸಕ್ಕರೆ, ಸೂಜಿ, ಸುದ್ದಿ ಎಲ್ಲದರ ಓಡಾಟವಿತ್ತು. ಮದುವೆಯ ಬಿಳಿ ಗೌನಿನ ಅಳತೆ ನೋಡಲು ಮಗಳು ಅವಳ ಮುಂದೆ ನಿಂತಿದ್ದಾಗ, ಮೈತುಂಬ ಗುಂಡುಸೂಜಿ ಚುಚ್ಚಿದ್ದ ಗೌನಿನಲ್ಲೇ ಫಿಟ್ಸ್ ಬಂದು ನೆಲಕ್ಕೆ ಬಿದ್ದಳು.

ಎಚ್ಚರವಾದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಟೈಲರಮ್ಮ ಕಿರುಚಾಡದೆ ಮೊದಲು ಒಂದೊಂದೇ ಸೂಜಿ ಕಿತ್ತು ಬಾಯಲ್ಲಿ ಕಚ್ಚಿಕೊಂಡಿದ್ದಳು. ಆಮೇಲೆ ತಾಯಿಯನ್ನು ಕರೆದಳು. ಮೂವರೂ ನೆಲದ ಮೇಲೆ ಕೂತರು. ಹದಿನಾರನೇ ವಯಸ್ಸಿನಿಂದ ವರ್ಷಕ್ಕೆ ನಾಲ್ಕೈದು ಸಲ ಬರುವ ಫಿಟ್ಸ್. ಡಾಕ್ಟರು ಮತ್ತು ತಾಯಿಯನ್ನು ಬಿಟ್ಟರೆ ಈಗ ತಿಳಿದವಳು ಟೈಲರಮ್ಮ.

"ಭಾನುವಾರ ಅವರು ಮನೆಗೆ ಬರ್ತಾರೆ. ನಾನೇ ಬಾಯಿಬಿಟ್ಟು ಹೇಳ್ತೀನಿ," ಎಂದಳು ಮಗಳು. ಅವರು ಎಂದರೆ ಮದುವೆಯಾಗಬೇಕಿದ್ದವನು. ಲೈಬ್ರರಿಯಲ್ಲಿ ಕೆಲಸ, ಮೆತ್ತನೆಯ ಮಾತು. "ಬೇಡ ಅಂದ್ರೆ ಬೇಡ. ಹೂಂ ಅಂದ್ರೂ ಅನ್ನಬಹುದು."

"ಹೇಳು ಕಣೇ, ಅದೇ ಸರಿ. ಅಲ್ಲೀವರೆಗೆ ನನ್ನ ಬಾಯಿಗೆ ಡಬಲ್ ಹೊಲಿಗೆ," ಎಂದಳು ಟೈಲರಮ್ಮ, ಬಾಯಲ್ಲಿ ಇನ್ನೂ ಎರಡು ಸೂಜಿ ಇಟ್ಟುಕೊಂಡೇ.

ಆದರೆ ಭಾನುವಾರಕ್ಕಿಂತ ಮೊದಲು ಬುಧವಾರ ಬಂತು. ಪ್ರಾರ್ಥನಾಲಯದ ಬಾಗಿಲಲ್ಲಿ ಒಂದು ಮರದ ಡಬ್ಬಿ. ಕಷ್ಟವಿದ್ದವರು ಹೆಸರು ಹಾಕದೆ ಚೀಟಿ ಬರೆದು ಹಾಕುತ್ತಿದ್ದರು. ಯಾರೋ ಒಬ್ಬರು ಅವನ್ನು ಓದಿದರೆ ಸಭೆಯೆಲ್ಲ ಒಟ್ಟಾಗಿ ಬೇಡಿಕೊಳ್ಳುವುದು ವಾಡಿಕೆ. ಓದುವವಳು ಟೈಲರಮ್ಮ, ಮೈಕು ಬೇಡದ ಗಂಟಲು. ಅವತ್ತು ಏಳನೆಯ ಚೀಟಿಯನ್ನು ಬಿಚ್ಚಿ ಅದೇ ಗಂಟಲಲ್ಲಿ ಓದಿದಳು: "ಮುಂದಿನ ತಿಂಗಳು ಮದುವೆಯಾಗಲಿರುವ ಹುಡುಗಿಗೆ ಫಿಟ್ಸ್ ಬರುತ್ತದೆ. ಅಷ್ಟರೊಳಗೆ ಕರ್ತನು ಮುಟ್ಟಿ ಗುಣಪಡಿಸಲಿ."

ಮುಂದಿನ ತಿಂಗಳು ಆ ಸಭೆಯಲ್ಲಿದ್ದದ್ದು ಒಂದೇ ಮದುವೆ. ಮೂರನೆಯ ಬೆಂಚಿನಲ್ಲಿ ಗಂಡಿನ ತಾಯಿ ಕಣ್ಣು ತೆರೆದಳು.

ಶನಿವಾರವೇ ಉಂಗುರ ವಾಪಸು ಬಂತು. ಎಲ್ಲರೂ ದೇವರ ಚಿತ್ತ ಎಂದರು. ಯಾರದೇ ಮನೆ ಮುರಿದರೂ ಹೇಳಲು ಆ ಮಾತು ಸದಾ ಸಿದ್ಧವಿರುತ್ತದೆ.

"ನಿಂಗೆ ಗೊತ್ತು, ಟೈಲರ್ ಆಂಟಿಗೆ ಗೊತ್ತು. ನೀನಂತೂ ಬರೀಲಿಲ್ಲ. ಮತ್ತೆ ಇನ್ಯಾರಮ್ಮ?" ಮಗಳು ಗೋಡೆಗೆ ತಲೆ ಚಚ್ಚಿಕೊಂಡು ಕೇಳಿದಳು.

ತಾಯಿ ಟವೆಲು ಮಡಚುತ್ತಿದ್ದಳು. "ದೇವರು ನೋಡ್ಕೋತಾನೆ ಬಿಡು," ಎಂದು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಅಂದಿನಿಂದ ಎದುರು ಮನೆಗೆ ಹೋಗಿ ಬರುವುದು ನಿಂತಿತು. ಸಭೆಯ ಹೆಂಗಸರು ಕೂಡ ಬಟ್ಟೆಯನ್ನು ಬೇರೆ ಟೈಲರಿಗೆ ಕೊಡತೊಡಗಿದರು. ಅವಳಿಗೆ ಅಳತೆ ಕೊಟ್ಟರೆ ಸೊಂಟ ಎಷ್ಟು ದಪ್ಪವೆಂದು ಊರಿಗೆಲ್ಲ ತಿಳಿಯುತ್ತದೆ ಎಂದು ನಗಾಡಿದರು.

*

ಪಾಸ್ಟರು ಬೈಬಲ್ ಮುಚ್ಚಿ, ಪೀಠದ ಕೆಳಗಿನಿಂದ ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿಯೊಂದನ್ನು ತೆಗೆದರು. ಇನ್ನೂ ನಲವತ್ತು ದಾಟದ ಮನುಷ್ಯ, ಈ ಸಭೆಗೆ ಬಂದು ಒಂಬತ್ತು ವರ್ಷ. ಟೈಲರಮ್ಮನ ಮೇಲೆ ಬಂದ ಹಳೆಯ ಅಪವಾದ ಅವರಿಗೆ ಗೊತ್ತಿರಲಿಲ್ಲ.

"ನನಗಿಂತ ಮುಂಚೆ ಇದ್ದ ಪಾಸ್ಟರು ಇದನ್ನ ನನ್ನ ಕೈಗೆ ಕೊಟ್ಟು, 'ಇದು ಒಬ್ಬ ತಾಯಿಯ ಪ್ರಾರ್ಥನೆ, ಎಸೀಬೇಡ' ಅಂದಿದ್ರು. ಬುಧವಾರಕ್ಕೊಂದು ಚೀಟಿ, ಇಪ್ಪತ್ತು ವರ್ಷಕ್ಕೂ ಮೇಲೆ! ಹೆಸರಿಲ್ಲ. ಆದ್ರೆ ಮೂಲೆಗೆ ಮೂಲೆ ಕೂಡಿಸಿ ಮಡಚಿರೋದು ನೋಡಿ, ಕೆಳಗಿರೋ ತಾರೀಖು ನೋಡಿ. ಯಾರು ಅಂತ ನಾನು ಹೇಳ್ಬೇಕಾ?"

ಬೆಂಚುಗಳಲ್ಲಿ ಮೆಲುನಗು ಹರಿಯಿತು. ಚಿಕ್ಕಮ್ಮ ಹೆಮ್ಮೆಯಿಂದ ಮೂಗೊರೆಸಿಕೊಂಡಳು.

"ಇದು ಎಲ್ಲಕ್ಕಿಂತ ಮೊದಲನೇದು," ಎಂದು ಪಾಸ್ಟರು ಹಳದಿಯಾದ ಚೀಟಿಯೊಂದನ್ನು ಬಿಡಿಸಿ ಓದಿದರು. "ಮುಂದಿನ ತಿಂಗಳು ಮದುವೆಯಾಗಲಿರುವ ಹುಡುಗಿಗೆ ಫಿಟ್ಸ್ ಬರುತ್ತದೆ. ಅಷ್ಟರೊಳಗೆ ಕರ್ತನು ಮುಟ್ಟಿ ಗುಣಪಡಿಸಲಿ."

ಮಗಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಾಗದ ಹಿಡಿದ ಪಾಸ್ಟರ ಕೈ ಮಾತ್ರ ಕಂಡಿತು. ಬೆಳಕಿಗೆ ಹಿಡಿದಿದ್ದರಿಂದ ನಡುವಿನ ಮಡಿಕೆ ಗೆರೆ ಎಳೆದಂತೆ ನೇರವಾಗಿತ್ತು.

"ಆ ಮದುವೆ ನಿಂತುಹೋಯ್ತಂತೆ. ಅವತ್ತು ಎಲ್ಲರೂ ಅತ್ತಿರಬೇಕು. ಆದ್ರೆ ಕರ್ತನ ಸಂಕಲ್ಪ ನೋಡಿ! ಆ ಮಗಳು ಮದುವೆಯಾಗಿ ಹೋಗಿದ್ರೆ ಈ ಹದಿನಾಲ್ಕು ತಿಂಗಳು ಈ ತಾಯಿಯನ್ನ ಯಾರು ನೋಡ್ಕೋತಿದ್ರು? ತಾಯಿ ಬೇಡಿದ್ದು ಒಂದು, ಕರ್ತನು ಕರುಣೆಯಿಂದ ಕೊಟ್ಟದ್ದು ಇನ್ನೊಂದು. ಸ್ತೋತ್ರ!"

"ಸ್ತೋತ್ರ!" ಎಂದಿತು ಸಭೆ.

ಮಗಳು ತಾಯಿಯ ಮುಖ ನೋಡಿದಳು. ಎಂದಿನ ಅದೇ ಸಮಾಧಾನ. ಕಂಡು ಮೈ ಉರಿಯಿತು. ಅವನು ಹೂಂ ಅನ್ನುತ್ತಿದ್ದನೋ, ಊಹೂಂ ಅನ್ನುತ್ತಿದ್ದನೋ, ಅದನ್ನು ಅವನ ಬಾಯಿಂದಲೇ ಕೇಳುವ ಒಂದು ಭಾನುವಾರ ಅವಳಿಗೆ ಸಿಗಬೇಕಿತ್ತು. ಅದನ್ನು ಅಮ್ಮ ಡಬ್ಬಿಗೆ ಹಾಕಿಬಿಟ್ಟಿದ್ದಳು. ದೇವರ ಮೇಲಿನ ನಂಬಿಕೆಯಿಂದ ಮಾಡಿದಳೆಂದು ಅದನ್ನಾದರೂ ಮನ್ನಿಸಬಹುದಿತ್ತೇನೋ. ಆಮೇಲಿನ ಇಪ್ಪತ್ತೆರಡು ವರ್ಷದ ಮೌನವನ್ನು ಯಾವ ಲೆಕ್ಕಕ್ಕೆ ಹಿಡಿಯುವುದು?

ಹಾಡು ಶುರುವಾಯಿತು. ಅವಳು ಎದ್ದು ಕೊನೆಯ ಬೆಂಚಿನವರೆಗೆ ನಡೆದು, "ಹೊರಗೆ ಬನ್ನಿ," ಎಂದಳು.

*

ಪಕ್ಕದ ಜಗಲಿಯ ನಲ್ಲಿಯ ಹತ್ತಿರ ಇಬ್ಬರೂ ನಿಂತರು.

"ನಿಮಗೆ ಗೊತ್ತಿತ್ತಾ?"

"ಬಿಚ್ಚುವಾಗ್ಲೇ ಗೊತ್ತಾಗ್ಬೇಕಿತ್ತು. ಆ ಮಡಿಕೆ ಇನ್ಯಾರದು? ಕಣ್ಣಿಗಿಂತ ನಾಲಿಗೆ ಮುಂದೆ ಓಡಿಬಿಡ್ತು."

"ನನಗ್ಯಾಕೆ ಹೇಳಲಿಲ್ಲ?"

"ಮಾರನೇ ದಿನ ನಿಮ್ಮಮ್ಮ ಹಿಂದಿನ ಬಾಗಿಲಿಂದ ಬಂದ್ಲು. 'ಹೆಸರು ಹಾಕಿರಲಿಲ್ವಲ್ಲೇ, ಯಾರಿಗೂ ತಿಳಿಯಲ್ಲ ಅಂದ್ಕೊಂಡೆ' ಅಂದ್ಲು. ನಲವತ್ತು ಜನ ಒಟ್ಟಿಗೆ ಬೇಡಿದ್ರೆ ಮದುವೆಯೊಳಗೆ ವಾಸಿಯಾಗುತ್ತೆ ಅಂತ ನಂಬಿದ್ಲು ಪುಣ್ಯಾತ್ಗಿತ್ತಿ. 'ಸ್ವಲ್ಪ ದಿನ ಹೋಗ್ಲಿ, ನಾನೇ ಅವಳಿಗೆ ಹೇಳ್ತೀನಿ, ಅಲ್ಲೀವರೆಗೆ ಸುಮ್ನಿರು' ಅಂತ ಕಾಲು ಹಿಡಿದ್ಲು. ಹೂಂ ಅಂದೆ."

"ಸ್ವಲ್ಪ ದಿನ!"

"ನಾನು ದೊಡ್ಡ ಮನಸ್ಸಿನವಳು ಅಂತ ತಿಳ್ಕೋಬೇಡ. ಪ್ರತಿ ಭಾನುವಾರ ಅವಳ ಬೆನ್ನು ನೋಡ್ತಾ ಕೂತು ಒಳಗೊಳಗೇ ಬೈತಿದ್ದೆ. ಇವತ್ತು ಹೇಳ್ತಾಳೆ, ಇವತ್ತು ತಿರುಗ್ತಾಳೆ ಅಂತ. ನಿಂಗೆ ಮಾತ್ರೆಯಿಂದ ಫಿಟ್ಸ್ ನಿಂತ ವರ್ಷ ಇನ್ನೇನು ಹೇಳೇ ಹೇಳ್ತಾಳೆ ಅಂದ್ಕೊಂಡೆ. ಅವಳು ಎದ್ದು ನಿಂತು ಕರ್ತನು ಗುಣಪಡಿಸಿದ ಅಂತ ಸಾಕ್ಷಿ ಹೇಳಿ ಕೂತ್ಲು." ಟೈಲರಮ್ಮ ನಲ್ಲಿಯ ಮೇಲೆ ಕೈಯಿಟ್ಟಳು. "ಹಾಸಿಗೆ ಹಿಡಿದ ಮೇಲಾದ್ರೂ... ಒಂದು ಸಲನಾದ್ರೂ ಅವಳು ನನ್ನ ಕರೆದ್ಲಾ? ನೀನು ಬೇಡ ಅಂದಿರ್ತೀಯ, ಅದು ಬಿಡು. ಕೇಳಿದ್ಲಾ?"

ಎಪ್ಪತ್ತು ದಾಟಿದ ಆ ಮುಖದಲ್ಲಿದ್ದ ಆಸೆ ನೋಡಿ ಮಗಳಿಗೆ ಸುಳ್ಳು ಹೇಳಿಬಿಡಬೇಕೆನ್ನಿಸಿತು. ಒಂದು ಹೂಂ ಸಾಕಿತ್ತು. ಆದರೆ ಈ ಮನೆಯಿಂದ ಆ ಮನೆಗೆ ಹೋದ ಸುಳ್ಳು ಈಗಾಗಲೇ ಬೇಕಾದಷ್ಟಾಗಿತ್ತು.

"ಇಲ್ಲ ಆಂಟಿ. ಕೇಳಲಿಲ್ಲ."

ಟೈಲರಮ್ಮ ನಲ್ಲಿ ತಿರುಗಿಸಿ, ಕೈಗೆ ಏನೂ ಅಂಟಿಲ್ಲದಿದ್ದರೂ ಬಹಳ ಹೊತ್ತು ತೊಳೆದಳು.

"ನಾನು ಎಲ್ಲರ ಮುಂದೆ ಹೇಳ್ತೀನಿ," ಎಂದಳು ಮಗಳು.

"ಸುಮ್ನಿರು ಮಾರಾಯ್ತಿ! ಮುಂದಿನ ವಾರ ಪಾಸ್ಟರು ನನ್ನನ್ನೂ ಪ್ರಸಂಗಕ್ಕೆ ಎಳೀತಾರೆ. ಈ ಸಹೋದರಿಯನ್ನು ಕರ್ತನು ಬೆಂಕಿಗೆ ಹಾಕಿ ಚಿನ್ನ ಮಾಡಿದ ಅಂತ. ನಾನು ಚಿನ್ನನೂ ಆಗ್ಲಿಲ್ಲ, ಮಣ್ಣೂ ಆಗ್ಲಿಲ್ಲ. ಗಿರಾಕಿ ಕಳ್ಕೊಂಡೆ ಅಷ್ಟೆ."

ಇಬ್ಬರಿಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಬಾಗಿಲಿಗೆ ಬಂದು, "ಮುಚ್ಚಳ ಹಾಕ್ತಾ ಇದಾರೆ, ಬಾ ಮಗಾ," ಎಂದಳು.

*

ಮುಚ್ಚಳ ಕೂತಿತ್ತು. ಪೆಟ್ಟಿಗೆಯ ಆಳುಗಳಿಬ್ಬರು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಬಂದವರಿಗೆ ಎರಡು ಮಾತು ವಂದನೆ ಹೇಳಮ್ಮ ಎಂದು ಪಾಸ್ಟರು ಮಗಳನ್ನು ಕರೆದರು.

"ಬಂದಿದ್ದಕ್ಕೆ ಎಲ್ಲರಿಗೂ ವಂದನೆ," ಎಂದಳು ಅವಳು. "ಪಾಸ್ಟರ್ ಓದಿದ ಆ ಚೀಟಿ ಹಳಬರಿಗೆ ನೆನಪಿರುತ್ತೆ. ಅದನ್ನ ಬರೆದದ್ದು ಟೈಲರ್ ಆಂಟಿ ಅಂತ ನಾನು ನಂಬಿದ್ದೆ. ನೀವೂ ನಂಬಿದ್ರಿ. ಬರೆದದ್ದು ಅಮ್ಮ. ಅಪವಾದ ಆಂಟಿ ಮೇಲೆ ಬಂದಾಗ ಸುಮ್ನೆ ಕೂತಿದ್ದೂ ಅಮ್ಮ. ನಂಗೆ ಮೋಸ ಮಾಡಿದ್ಲು. ಅವರಿಗೆ ಇನ್ನೂ ದೊಡ್ಡ ಮೋಸ ಮಾಡಿದ್ಲು. ಇಷ್ಟೇ ನಾನು ಹೇಳೋದು."

"ಆಮೆನ್," ಎಂದ ಎರಡನೆಯ ಬೆಂಚಿನ ಕಿವುಡ ಹಿರಿಯ, ರೂಢಿಯಂತೆ. ಅವನ ಹಿಂದೆ ಯಾರೂ ಹೇಳಲಿಲ್ಲ.

"ಸತ್ತ ತಾಯಿ ಮೇಲೆ ಹೀಗಾ?" ಎಂದು ಚಿಕ್ಕಮ್ಮ ಬಾಯಿ ಮುಚ್ಚಿಕೊಂಡಳು. ಪಾಸ್ಟರು "ಕರ್ತನ ಕರುಣೆ..." ಎಂದು ಶುರುಮಾಡಿ, ಬಿಸ್ಕತ್ತು ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದರು.

ಟೈಲರಮ್ಮ ಕೊನೆಯ ಬೆಂಚಿನಿಂದ ಎದ್ದಳು. ಮಡಚದ ಕಾಲನ್ನು ಎಳೆಯುತ್ತ ನಡುವಿನ ದಾರಿಯಲ್ಲಿ ಬಂದಳು. ಎರಡೂ ಕಡೆಯ ಬೆಂಚುಗಳಲ್ಲಿ ಹೆಂಗಸರು ಗಡಿಬಿಡಿಯಿಂದ ಒತ್ತೊತ್ತಾಗಿ ಸರಿದು ಅವಳಿಗೆ ಜಾಗ ಮಾಡಿದರು. ಅವಳು ಆ ಕಡೆ ನೋಡಲಿಲ್ಲ. ಮಗಳ ಹತ್ತಿರವೂ ನಿಲ್ಲಲಿಲ್ಲ. ನೇರ ಪೆಟ್ಟಿಗೆಯ ಬಳಿಗೆ ಹೋದಳು. ಆಳುಗಳು ಹಿಂದೆ ಸರಿದರು.

ಅವಳು ಬೆರಳು ಮಡಚಿ, ತಲೆಯಿದ್ದ ಕಡೆ ಮುಚ್ಚಳದ ಮೇಲೆ ಮೂರು ಸಲ ತಟ್ಟಿದಳು. ಒಳಗೆ ಜನ ಇದ್ದಾರೆಂದು ಗೊತ್ತಿದ್ದು ಎದುರು ಮನೆಯ ಬಾಗಿಲು ತಟ್ಟುವಂತೆ, ಜೋರಾಗಿಯೇ. ಆಮೇಲೆ ಕೈ ಕೆಳಗಿಳಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಕಾಯುತ್ತ ನಿಂತಳು.