ಬಂಡೆಯಾಚೆಯ ಕೆಂಪು

ನನ್ನ ದೊಡ್ಡಮ್ಮ ಒಣನೆಲದ ಮೇಲೂ ಎದೆಮಟ್ಟದ ನೀರನ್ನು ಸೀಳಿಕೊಂಡು ಹೋಗುವವಳಂತೆ ನಡೆಯುತ್ತಿದ್ದಳು: ಮುಂದಕ್ಕೆ ಬಾಗಿದ ದೇಹ, ಹೊರಕ್ಕೆ ಚಾಚಿದ ಮೊಣಕೈಗಳು, ಎದುರಿಗೆ ಬಂದವರೇ ಸರಿದು ದಾರಿ ಬಿಡಬೇಕು. ತೀರಿಕೊಂಡ ದೊಡ್ಡಪ್ಪನ ಮಳೆಕೋಟನ್ನು ಉರಿಬಿಸಿಲಿನಲ್ಲೂ ಕಳಚದ ಆಕೆಗೆ ಜಗತ್ತಿನ ಸಕಲ ಬುದ್ಧಿವಾದಕ್ಕೂ ಒಂದೇ ಉತ್ತರವಿತ್ತು: “ಸರಿ, ಆಮೇಲೆ?”

ಕೊಲ್ಲಿಯ ನಿಶ್ಚಲ ಜಲದಲ್ಲಿ ಬಿದಿರ ತೆಪ್ಪಗಳಿಗೆ ಹಗ್ಗ ಬಿಗಿದು ಕೆಂಪು ಕಡಲಕಳೆ ಬೆಳೆಸಿ ಮಾರುವುದು ನಮ್ಮ ಓಣಿಯ ಅರ್ಧ ಮನೆಗಳ ಕಸುಬು. ಆ ವರ್ಷ ಬೇಸಿಗೆ ಮಿತಿಮೀರಿತು. ಗಾಳಿ ಬಿದ್ದುಹೋಗಿ ಕೊಲ್ಲಿಯ ನೀರು ಸ್ನಾನಕ್ಕೆ ಕಾಯಿಸಿದ ನೀರಿನಂತಾಯಿತು. ಕಳೆಯ ಕುಡಿಗಳು ಬಿಳಿಚಿಕೊಂಡು, ಮುಟ್ಟಿದರೆ ಮುರಿದು, ನೋಡನೋಡುತ್ತ ಹಗ್ಗಗಳು ಬರಿದಾದವು. ಬೆಳೆಗಾರರ ಸಂಘದ ಅಧ್ಯಕ್ಷನಾಗಿದ್ದ ನನ್ನ ಸೋದರಮಾವ, ದೊಡ್ಡಮ್ಮನ ಸ್ವಂತ ತಮ್ಮ, ಸಭೆ ಕರೆದು, ಉಳಿದುದನ್ನೂ ಕಿತ್ತು ದಡಕ್ಕೆಸೆದು ಈ ಕಸುಬಿಗೇ ಕೈಮುಗಿಯೋಣವೆಂದ.

“ಕೊಲ್ಲಿ ಕಾದಿದೆ, ಕಡಲು ಕಾದಿಲ್ಲ,” ಎಂದು ದೊಡ್ಡಮ್ಮ ಎದ್ದುನಿಂತಳು. “ಕೊಲ್ಲಿ ಬಾಯಲ್ಲಿರೋ ಬಂಡೆಯಾಚೆ ಸೆಳವಿದೆ, ನೀರು ತಣ್ಣಗಿದೆ. ಬದುಕಿರೋ ಕುಡೀನೆಲ್ಲ ಅಲ್ಲಿಗೆ ತಗೊಂಡು ಹೋಗ್ತೀನಿ.”

“ಅಕ್ಕಾ, ಅಲ್ಲಿ ಅಲೆ ತೆಪ್ಪಾನ ಪುಡಿ ಮಾಡುತ್ತೆ.”

“ಸರಿ, ಆಮೇಲೆ?”

“ಆಮೇಲೇನು? ನೀನೂ ಮುಳುಗ್ತೀಯ!”

“ಮುಳುಗಿದ್ರೆ ನಿನ್ನ ಬೈಯೋಳೊಬ್ಬಳು ಕಮ್ಮಿ ಆಗ್ತಾಳೆ. ದೋಣಿ ಕೊಡ್ತೀಯೋ, ಈಜ್ಕೊಂಡು ಹೋಗ್ಲೋ?”

ಕೊಟ್ಟ. ದೋಣಿಗೆ ಹುಟ್ಟು ಹಾಕಿದವಳು ನಾನು.

ಮೊದಲ ತೆಪ್ಪವನ್ನು ಅಲೆ ನಿಜಕ್ಕೂ ನುಚ್ಚುನೂರು ಮಾಡಿತು. ತೇಲಿಬಂದ ಬಿದಿರ ಚೂರುಗಳನ್ನು ಕಂಡು ಓಣಿ ನಕ್ಕಿತು. ಅವಳು ಅವನ್ನೇ ಒಣಗಿಸಿ, ಒಲೆಗಿಟ್ಟು, ಚಹಾ ಕಾಯಿಸಿ ನಕ್ಕವರಿಗೇ ಕುಡಿಸಿದಳು. ಅವರೆಲ್ಲ ಹೋದ ಮೇಲೆ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ಮಾತ್ರ ನಾನೊಬ್ಬಳೇ ನೋಡಿದೆ. ಮರುವಾರ ತೆಪ್ಪದ ಸಹವಾಸವನ್ನೇ ಬಿಟ್ಟು, ಅಳಿದುಳಿದ ಕುಡಿಗಳನ್ನು ಬಲೆಯ ಚೀಲಗಳಲ್ಲಿ ತುಂಬಿ, ಲಂಗರಿಗೂ ತೇಲುವ ಡಬ್ಬಕ್ಕೂ ನಡುವೆ, ಅಲೆಯ ಹೊಡೆತ ತಾಗದಷ್ಟು ಆಳದಲ್ಲಿ ತೂಗುಬಿಟ್ಟಳು. ಅಲ್ಲಿ ಬೆಳಕು ಕಡಿಮೆ, ಬೆಳವಣಿಗೆ ನಿಧಾನ. ಆದರೆ ಬೆಳೆದದ್ದು ಕಡುಗೆಂಪು, ದಪ್ಪ, ಬಗ್ಗಿಸಿದರೂ ಮುರಿಯದಂಥದು.

ಗಾಳಿ ತಿರುಗಿ ಕೊಲ್ಲಿ ತಣಿದಾಗ, ಇಡೀ ಓಣಿಗೆ ಮತ್ತೆ ಬೆಳೆಯಲು ಜೀವಂತ ಕುಡಿ ಉಳಿದಿದ್ದದ್ದು ಅವಳ ಚೀಲಗಳಲ್ಲಿ ಮಾತ್ರ. ಮಾವ ಬಂದು ಹೊಸ್ತಿಲಾಚೆ ತಲೆತಗ್ಗಿಸಿ ನಿಂತ.

“ಏನೋ, ನಾಲಿಗೆ ಬಿದ್ದುಹೋಯ್ತಾ? ಒಳಗೆ ಬಾ. ಬೇಕಾದಷ್ಟು ತಗೊಂಡು ಹೋಗು. ಆದ್ರೆ ಮುಂದಿನ ಬೇಸಿಗೇಲಿ ಎಲ್ಲರ ಕುಡೀನೂ ಚೀಲದಲ್ಲಿ ಬಂಡೆಯಾಚೆ ಇಳೀಬೇಕು. ಅದನ್ನ ಸಭೇಲಿ ನಿನ್ನ ಬಾಯಿಂದಾನೇ ಹೇಳ್ಬೇಕು.”

ಹೇಳಿದ.

ಇಂಥವರೊಡನೆ ಬಾಳುವುದು ಸುಲಭವಲ್ಲ. ಅವರ ಹಠಕ್ಕೆ ಬಿದಿರೂ ಮುರಿಯುತ್ತದೆ, ಎಷ್ಟೋ ಸಲ ಮನಸ್ಸೂ ಮುರಿಯುತ್ತದೆ. ಆದರೂ ಊರೆಲ್ಲ ಒಮ್ಮತದಿಂದ ಸೋಲೊಪ್ಪಿಕೊಳ್ಳುವ ಗಳಿಗೆಯಲ್ಲಿ ಕೈಯೆತ್ತಲು ಒಲ್ಲದ ಇಂಥದೊಂದು ಮುಂಗೋಪದ ಜೀವ ಇಲ್ಲದಿದ್ದರೆ, ಎಷ್ಟು ಓಣಿಗಳು ತಮ್ಮ ಕಸುಬಿನ ಹೆಸರನ್ನೇ ಮರೆತಿರುತ್ತಿದ್ದವೋ.